ಅಳುವವರಿಗೂ ಸಂತೋಷ ಉಂಟೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಸತ್ಯವೇದದ (ಬೈಬಲಿನ) ಯಾಕೋಬನ ಪತ್ರದ ಮೊದಲ ಅಧ್ಯಾಯದ ಪಾಠ ಬಂದಿತ್ತು. ನಾನಾ ಬಗೆಯ ಕಷ್ಟಗಳಲ್ಲಿ ಬಿದ್ದಾಗ ಅದನ್ನು ಸಂತೋಷವೆಂದೇ ತಿಳಿಯಿರಿ, ನಂಬಿಕೆ ಒರೆಗೆ ಬಿದ್ದಾಗ ತಾಳ್ಮೆ ಹುಟ್ಟುತ್ತದೆ ಎಂಬ 2ರಿಂದ 4ನೇ ವಚನಗಳು. ಅದನ್ನು ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ತಕರಾರು ಒಂದೇ: ‘ಸಂತೋಷಪಡಿರಿ’ ಅಂತ ಬರೆಯುತ್ತೀರಿ, ಹೇಗೆ ಅಂತ ಮಾತ್ರ ಬರೆಯುವುದಿಲ್ಲ. ತಕರಾರು ನ್ಯಾಯವಾದದ್ದೇ. ಆದ್ದರಿಂದ ಈ ಸಲ ‘ಹೇಗೆ’ ಎಂಬುದಕ್ಕೇ ಜಾಗ. ಬರೆದವರ ಹೆಸರು ತೆಗೆದಿದ್ದೇವೆ, ಊರು ಉಳಿಸಿದ್ದೇವೆ.

ಗುಳೇದಗುಡ್ಡದಿಂದ ಒಬ್ಬ ನೇಕಾರರು: ಖಣದ ಮಗ್ಗ ಎರಡು ಇದ್ವು, ಈಗ ಒಂದು ನಿಂತೈತಿ. ಸಾಹುಕಾರರು ನೂಲು ಕೊಡೂದು ಕಡಿಮಿ ಮಾಡ್ಯಾರ. ಸಂಘದ ಸಾಲದ ಕಂತು ಮಾತ್ರ ವಾರಾ ತಪ್ಪದ ಬರತೈತಿ. ರವಿವಾರ ಚರ್ಚಿನ ಅಯ್ಯನವರು ‘ಯಾವಾಗಲೂ ಸಂತೋಷಪಡಿರಿ’ ಅಂತಾರ. ಮಂದಿ ಮುಂದ ನಗತೀನಿ, ಮನಿಗೆ ಬಂದು ಗ್ವಾಡಿ ನೋಡ್ಕೋತ ಕುಂದರತೀನಿ. ಇದು ಅಪನಂಬಿಕಿ ಏನ್ರಿ?

ಅಲ್ಲ ಅಣ್ಣಾ. ‘ಕರ್ತನಲ್ಲಿ ಯಾವಾಗಲೂ ಸಂತೋಷಪಡಿರಿ’ ಎಂಬ ಮಾತು ಫಿಲಿಪ್ಪಿಯವರಿಗೆ ಬರೆದ ಪತ್ರದ 4:4ರಲ್ಲಿದೆ. ಬರೆದ ಪೌಲ ಆಗ ಸೆರೆಯಲ್ಲಿದ್ದ. ಅದೇ ಪತ್ರದಲ್ಲಿ ಎರಡು ಪುಟ ಹಿಂದಕ್ಕೆ ಹೋಗಿ 2:27 ಓದಿ. ಜೊತೆಗಾರ ಎಪಫ್ರೊದೀತ ರೋಗ ಬಂದು ಸಾಯುವ ಹಾಗಾಗಿದ್ದ. ದೇವರು ಅವನನ್ನು ಉಳಿಸಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎಂದು ಅದೇ ಪೌಲ ಬರೆಯುತ್ತಾನೆ. ಅಂದರೆ ಒಂದು ದುಃಖ ಆಗಲೇ ಇತ್ತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 1:8ರಲ್ಲಿ ಇನ್ನೂ ಬಿಚ್ಚಿ ಹೇಳುತ್ತಾನೆ: ಏಷ್ಯ ಸೀಮೆಯಲ್ಲಿ ಶಕ್ತಿ ಮೀರಿದ ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದೆವು. ಅದೇ ಪತ್ರದ 6:10ರಲ್ಲಿ, ದುಃಖಪಡುವವರಾಗಿದ್ದರೂ ಯಾವಾಗಲೂ ಸಂತೋಷಪಡುವವರು ಎಂದು ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಎರಡೂ ಒಂದೇ ಎದೆಯಲ್ಲಿ. ಮಂದಿ ಮುಂದೆ ನಗಬೇಕು ಎಂಬ ಆಜ್ಞೆ ಎಲ್ಲೂ ಇಲ್ಲ. ಆ ನಗು ನಿಲ್ಲಿಸಿದರೆ ಅರ್ಧ ದಣಿವು ಹೋಗುತ್ತದೆ.

ಇನ್ನು ಮಾಡುವುದು ಏನು? 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡರಲ್ಲಿ ‘ಇನ್ನೆಷ್ಟರವರೆಗೆ’ ಎಂದು ದೇವರನ್ನೇ ನಾಲ್ಕು ಸಾರಿ ಕೇಳುವ ದೂರು. 3 ಮತ್ತು 4ರಲ್ಲಿ ಬೇಡಿಕೆ. 5 ಮತ್ತು 6ರಲ್ಲಿ ಭರವಸೆ, ಹಾಡು. ಒಂದು ಹಾಳೆಯನ್ನು ಮೂರು ಭಾಗ ಮಾಡಿ ಇದೇ ಸಾಲಿನಲ್ಲಿ ನಿಮ್ಮದನ್ನು ಬರೆಯಿರಿ. ಹದಿನೈದು ನಿಮಿಷ ಸಾಕು, ವಾರಕ್ಕೆ ಎರಡು ಸಲ ಸಾಕು.

ಇಲ್ಲಿ ಮೂರು ಕಡೆ ಎಡವುತ್ತಾರೆ. ಕೆಲವರು ದೂರು ಬರೆಯಲು ಹೆದರಿ ನೇರ ಹಾಡಿಗೆ ಹೋಗುತ್ತಾರೆ. ಆ ಹಾಡು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಕೆಲವರು ದಿನಾ ದೂರನ್ನೇ ಬರೆದು ಬೇಡುವುದನ್ನು ಮರೆಯುತ್ತಾರೆ. ಅದು ಪ್ರಾರ್ಥನೆಯಾಗದೆ ಗೊಣಗಾಟವಾಗಿಯೇ ಉಳಿಯುತ್ತದೆ. ಮೂರನೆಯದು ಎಲ್ಲರೂ ಮಾಡುವುದು: ‘ಕಷ್ಟ ಪರಿಹರಿಸು ಸ್ವಾಮಿ’ ಎಂದು ಬೇಡಿಕೆಯನ್ನು ತೇಲಿಸಿ ಬರೆಯುವುದು. ಹಾಗಲ್ಲ. ‘ಬುಧವಾರದ ಕಂತು ಇಷ್ಟು ರೂಪಾಯಿ, ಕೈಯಲ್ಲಿರುವುದು ಇಷ್ಟು, ನಿಂತ ಮಗ್ಗಕ್ಕೆ ಒಂದು ಹಾಸಿನ ನೂಲು ಬೇಕು’ ಎಂದು ಬರೆಯಿರಿ. ಹೀಗೆ ಬರೆದಾಗ ದೇವರ ಹತ್ತಿರ ಕೇಳುವುದು ಯಾವುದು, ಸಾಹುಕಾರರ ಹತ್ತಿರ ಕೇಳುವುದು ಯಾವುದು, ತಮ್ಮನ ಹತ್ತಿರ ಕೇಳುವುದು ಯಾವುದು ಎಂದು ಬೇರೆಬೇರೆ ಕಾಣುತ್ತದೆ.

ಮೂರನೆಯ ಭಾಗ ಎಷ್ಟೋ ದಿನ ಖಾಲಿ ಉಳಿಯಬಹುದು. ಉಳಿಯಲಿ. 4ನೇ ವಚನಕ್ಕೂ 5ನೇ ವಚನಕ್ಕೂ ನಡುವೆ ಎಷ್ಟು ದಿನ ಹೋದವು ಎಂದು ಕೀರ್ತನೆ ಹೇಳುವುದಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ಕಿತ್ತು ಹಾಕಿಲ್ಲ. ಬರೆಯಲು ಏನಾದರೂ ಸಿಕ್ಕಿದ ದಿನ ಚಿಕ್ಕದನ್ನೇ ಬರೆಯಿರಿ: ಇವತ್ತು ಎಳೆ ಕಡಿಯದೆ ಒಂದು ಖಣ ಇಳಿಯಿತು, ಮಗಳು ಲೆಕ್ಕದಲ್ಲಿ ಪಾಸಾದಳು. ದುಃಖ ಕಳೆಯುವ ಲೆಕ್ಕಕ್ಕೆ ಇದನ್ನು ಹಿಡಿಯಬೇಡಿ. ಇದು ಅದರ ಪಕ್ಕದಲ್ಲಿ ಇರುವ ಇನ್ನೊಂದು ಲೆಕ್ಕ.

ಸಾಲದ ಬಗ್ಗೆ ಒಂದು ಮಾತು. ಕಂತು ತಪ್ಪಿದಾಗ ಮನೆ ಮುಂದೆ ಕೂತು ಅವಮಾನ ಮಾಡುವುದು, ಬೆದರಿಸುವುದು ನಡೆದರೆ ಅದನ್ನು ‘ಶೋಧನೆ’ (ನಂಬಿಕೆಯ ಪರೀಕ್ಷೆ) ಎಂದು ನುಂಗಬೇಡಿ. ಇಂಥ ಬಲವಂತದ ವಸೂಲಿಗೆ ಕಡಿವಾಣ ಹಾಕಲು 2025ರಲ್ಲಿ ರಾಜ್ಯ ಸರಕಾರ ಕಾನೂನೇ ತಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ತಿಕೋಟಾದ ರೈತರು: ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆಗಿ ಹೂವು ಬರುವ ಹೊತ್ತಿಗೆ ಮಳೆ ಹಿಡಿದು ಡೌನಿ ರೋಗ ಬಿತ್ತು. ದ್ರಾಕ್ಷಿ ಗೊಂಚಲು ಕರಗಿ ಹೋದವು. ಔಷಧಿ ಅಂಗಡಿಯ ಬಾಕಿ ಹಾಗೇ ಇದೆ. ಟಿ.ವಿ.ಯಲ್ಲಿ ಒಬ್ಬ ಬೋಧಕರು ‘ಕಾಣಿಕೆಯ ಬೀಜ ಬಿತ್ತಿರಿ, ನೂರರಷ್ಟು ಬರುತ್ತದೆ’ ಎನ್ನುತ್ತಾರೆ. ಕೈಗಡ ತಂದು ಕಳಿಸಲೇ? ಈ ವರ್ಷ ದಶಮಾಂಶ ಕೊಡದಿದ್ದರೆ ಶಾಪ ತಟ್ಟುತ್ತದೆಯೇ?

ಕೈಗಡ ತಂದು ಒಂದು ರೂಪಾಯಿಯನ್ನೂ ಕಳಿಸಬೇಡಿ. ಆ ಬೋಧಕರು ಎತ್ತಿಕೊಂಡ ಬೀಜದ ಸಾಮ್ಯದಲ್ಲಿ ಬಿತ್ತುವುದು ದೇವರ ವಾಕ್ಯವನ್ನು ಎಂದು ಯೇಸುವೇ ಅರ್ಥ ಬಿಡಿಸಿದ್ದಾನೆ (ಮಾರ್ಕ 4:14). ಅದರಲ್ಲಿ ರೊಕ್ಕದ ಸುದ್ದಿಯೇ ಇಲ್ಲ. ಕಾಣಿಕೆಗೆ ಪೌಲ ಇಟ್ಟ ಅಳತೆ 2 ಕೊರಿಂಥ 8:12ರಲ್ಲಿದೆ: ಇದ್ದದ್ದಕ್ಕೆ ತಕ್ಕಂತೆ ಕೊಟ್ಟರೆ ಮೆಚ್ಚುಗೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಮರುವಚನದಲ್ಲೇ, ಬೇರೆಯವರಿಗೆ ಸುಖವಾಗಿ ನಿಮಗೆ ಕಷ್ಟವಾಗಲಿ ಎಂಬುದು ನನ್ನ ಉದ್ದೇಶವಲ್ಲ ಎನ್ನುತ್ತಾನೆ.

ದಶಮಾಂಶ ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲು (ಧರ್ಮೋಪದೇಶಕಾಂಡ 14:22). ಮಾರಿದ್ದು ಔಷಧಿ, ಗೊಬ್ಬರ, ಆಳಿನ ಕೂಲಿಗೇ ಸಾಲದಿದ್ದರೆ ಪಾಲು ತೆಗೆಯುವುದು ಯಾವುದರಿಂದ? ಅದೇ ಅಧ್ಯಾಯದ 28 ಮತ್ತು 29ನೇ ವಚನಗಳನ್ನು ಬೋಧಕರು ಬಹಳ ಓದುವುದಿಲ್ಲ. ಮೂರು ವರ್ಷಕ್ಕೊಮ್ಮೆ ಆ ದಶಮಾಂಶವನ್ನು ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಉಂಡು ತೃಪ್ತರಾಗಬೇಕಿತ್ತು. ದಶಮಾಂಶದಲ್ಲಿ ಕೊಡುವ ಕೈಯೂ ಇದೆ, ತೆಗೆದುಕೊಳ್ಳುವ ಕೈಯೂ ಇದೆ. ಈ ವರ್ಷ ನಿಮ್ಮದು ಎರಡನೆಯದಾದರೆ ಅದರಲ್ಲಿ ನಾಚಿಕೆಯಿಲ್ಲ.

ಸಂತೋಷದ ವಿಷಯಕ್ಕೆ ಬಂದರೆ ಹಬಕ್ಕೂಕನ ಮೂರನೆಯ ಅಧ್ಯಾಯ ನಿಮ್ಮಂಥವರಿಗಾಗಿಯೇ ಬರೆದಂತಿದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಪಡುತ್ತೇನೆ ಎನ್ನುತ್ತಾನೆ (17 ಮತ್ತು 18). ಆರು ನಷ್ಟವನ್ನು ಒಂದೊಂದಾಗಿ ಹೆಸರಿಟ್ಟು ಎಣಿಸಿದ್ದಾನೆ. ಅದಕ್ಕೂ ಮುಂಚೆ 16ನೇ ವಚನದಲ್ಲಿ ಅವನ ತುಟಿ ನಡುಗುತ್ತದೆ, ಎಲುಬು ಕೊಳೆತಂತಾಗುತ್ತದೆ. ನಡುಕ ಮೊದಲು, ಎಣಿಕೆ ಆಮೇಲೆ, ‘ಆದರೂ’ ಕಡೆಗೆ. ನೀವೂ ಅದೇ ಸಾಲಿನಲ್ಲಿ ದ್ರಾಕ್ಷಿ, ತೊಗರಿ, ಬತ್ತಿದ ಬೋರು, ಮಾರಿದ ಎಮ್ಮೆ ಎಂದು ನಿಮ್ಮದೇ ಪಟ್ಟಿ ಹಾಕಿ ಗಟ್ಟಿಯಾಗಿ ಹೇಳಿ. ಮನೆಯವರೆಲ್ಲ ಕೂತು ಹೇಳಿದರೆ ಇನ್ನೂ ಒಳ್ಳೆಯದು. ನಷ್ಟ ಎಷ್ಟೆಂದು ಮಕ್ಕಳಿಗೆ ಗೊತ್ತಾಗದಂತೆ ಮುಚ್ಚಿಟ್ಟ ಮನೆಯಲ್ಲಿ ಮಕ್ಕಳಿಗೆ ಹೆದರಿಕೆ ಹೆಚ್ಚು.

ಮತ್ತೆ ತಾಳ್ಮೆ? ಅದು ಎಪ್ರಿಲ್ ಚಾಟ್ನಿಯಲ್ಲಿದೆ. ಬೆಳೆ ಹೋದ ಬೇಸರಕ್ಕೆ ಎಪ್ರಿಲ್ ಚಾಟ್ನಿ ಬಿಟ್ಟವರು, ಅಥವಾ ಚಾಟ್ನಿ ಮಾಡಿ ಆಮೇಲಿನ ನೀರು, ಗೊಬ್ಬರ ಬಿಟ್ಟವರು ಇನ್ನೊಂದು ವರ್ಷ ಕಳೆದುಕೊಳ್ಳುತ್ತಾರೆ. ಅಕ್ಟೋಬರಿನಲ್ಲಿ ಹೊರಬರುವ ಗೊಂಚಲು ಕಣ್ಣಿನೊಳಗೆ (ಕಡ್ಡಿಯ ಮೊಗ್ಗಿನೊಳಗೆ) ಕೂಡುವುದು ಎಪ್ರಿಲ್ ಚಾಟ್ನಿಯ ನಂತರದ ಕಡ್ಡಿಯಲ್ಲಿ, ಸುಮಾರು ಎರಡು ತಿಂಗಳೊಳಗೆ. ಆಗ ತೋಟದಲ್ಲಿ ನೋಡಲು ಏನೂ ಇರುವುದಿಲ್ಲ, ಬರೀ ಎಲೆ. ಬೆಳೆವಿಮೆ ಕಟ್ಟಿದ್ದರೆ ಆ ಕಾಗದಪತ್ರದ ಓಡಾಟವೂ ಇದೇ ತಾಳ್ಮೆಗೆ ಸೇರಿದ್ದು.

ಸಭೆಗಳಿಗೂ ಒಂದು ಕಿವಿಮಾತು. ಸುಗ್ಗಿ ಹಬ್ಬದ ಸವಾಲಿನಲ್ಲಿ (ಹರಾಜಿನಲ್ಲಿ) ಯಾರು ಎಷ್ಟಕ್ಕೆ ಕೂಗಿದರು ಎಂದು ಮೈಕಿನಲ್ಲಿ ಹೇಳುವುದನ್ನು ಬಿಡಿ. ಬೆಳೆ ಕಳೆದುಕೊಂಡವರು ಆ ರವಿವಾರ ಮನೆಯಲ್ಲೇ ಉಳಿಯುವುದಕ್ಕೆ ಆ ಮೈಕೇ ಕಾರಣ.

ಬೈಲಹೊಂಗಲದಿಂದ ಒಬ್ಬ ಸಹೋದರಿ: ಅತ್ತೆಗೆ ಲಕ್ವಾ ಹೊಡೆದು ಎಂಟು ತಿಂಗಳು. ಹಾಸಿಗೆಯಲ್ಲೇ ಎಲ್ಲ. ರಾತ್ರಿಯೂ ಏಳಬೇಕು. ಸತ್ಯವೇದ ತೆಗೆದರೆ ನಿದ್ದೆ ಬರುತ್ತದೆ. ಸಭೆಯವರು ಬರುತ್ತಾರೆ, ‘ಪ್ರಾರ್ಥನೆ ಮಾಡುತ್ತೇವೆ, ಏನಾದರೂ ಬೇಕಾದರೆ ಹೇಳು’ ಎನ್ನುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಚಹಾ ಮಾಡುವವಳೂ ನಾನೇ. ನನ್ನೊಳಗೆ ಸಂತೋಷ ಇಲ್ಲ, ಸಿಟ್ಟು ಇದೆ.

ತಂಗೀ, ನಿದ್ದೆ ಬಂದರೆ ಮಲಗು. ಯೇಸು ಬಿರುಗಾಳಿಯಲ್ಲೇ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ (ಮಾರ್ಕ 4:38). ರಾತ್ರಿ ಎದ್ದು ಸೇವೆ ಮಾಡುವವರಿಗೆ ಒಂದು ತಾಸಿನ ಸತ್ಯವೇದ ಪಾಠ ಯಾರೂ ಹೇರಬಾರದು.

ಪ್ರಾರ್ಥನೆಗೆ ಬೇರೆ ಹೊತ್ತು ಹುಡುಕಬೇಡ, ಕೆಲಸಕ್ಕೇ ಕಟ್ಟಿಕೋ. ಮಲಗಿದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ಡಾಕ್ಟರರು ಹೇಳಿಯೇ ಇರುತ್ತಾರೆ. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಅದು ಎಂಟು ಸಲ. 121ನೇ ಕೀರ್ತನೆಯಲ್ಲಿ ಎಂಟೇ ವಚನ, ‘ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ’ ಎಂಬುದೂ ಅದರಲ್ಲೇ ಇದೆ. ಮಗ್ಗಲು ಬದಲಿಸಿದಾಗಲೆಲ್ಲ ಒಂದು ವಚನ, ಅತ್ತೆಗೆ ಕೇಳುವಂತೆ. ಲಕ್ವಾದಿಂದ ಮಾತು ನಿಂತವರಿಗೂ ಕಿವಿ ಕೇಳುತ್ತಿರುತ್ತದೆ, ಎಷ್ಟೋ ಸಲ ತಿಳಿಯುತ್ತಲೂ ಇರುತ್ತದೆ. ಅದೇ ಹೊತ್ತಿಗೆ ಹಿಮ್ಮಡಿ, ಸೊಂಟದ ಎರಡೂ ಬದಿ, ಬೆನ್ನಿನ ಕೆಳಗಿನ ಎಲುಬಿನ ಜಾಗ ನೋಡು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೂ ಕೆಂಪು ಹಾಗೇ ಉಳಿದರೆ ಅದು ಹುಣ್ಣಿನ ಶುರುವಾತು. ಅಲ್ಲಿ ಉಜ್ಜಬಾರದು, ಉಜ್ಜಿದರೆ ಒಳಗಿನ ಚರ್ಮ ಇನ್ನಷ್ಟು ಕೆಡುತ್ತದೆ. ಆ ಮಗ್ಗಲಿಗೆ ಭಾರ ಬೀಳದಂತೆ ಮಲಗಿಸಿ ನರ್ಸಿಗೆ ತೋರಿಸು. ಗಂಜಿ ಕುಡಿಸುವಾಗ ಎಬ್ಬಿಸಿ ಕೂರಿಸು, ಕುಡಿಸಿದ ಮೇಲೂ ಅರ್ಧ ತಾಸು ಒರಗಿಸಿಯೇ ಇಡು, ಇಲ್ಲವಾದರೆ ಗಂಟಲಿಗೆ ಹತ್ತಿ ಎದೆಗೆ ಇಳಿಯುತ್ತದೆ.

ಸಿಟ್ಟು ತಪ್ಪಲ್ಲ, ಆದರೆ ಅದಕ್ಕೆ ವಿಳಾಸ ಬೇಕು. ನಿನ್ನ ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ಅವರ ತಾಯಿ ಅಲ್ಲವೇ? ರಾತ್ರಿಯ ಪಾಳಿಯಲ್ಲಿ ವಾರಕ್ಕೆ ಮೂರು ದಿನ ಅವರದ್ದಾಗಲಿ.

ಇನ್ನುಳಿದದ್ದು ಸಭೆಯ ಸ್ತ್ರೀಯರ ಕೂಟಕ್ಕೆ. ಮಾರ್ಕ 2:3ರಲ್ಲಿ ಪಾರ್ಶ್ವವಾಯು ಹೊಡೆದವನನ್ನು ಹೊತ್ತು ತಂದವರು ನಾಲ್ಕು ಜನ. ನೀವೂ ನಾಲ್ಕೇ ಜನ ಸಾಕು. ‘ಏನಾದರೂ ಬೇಕಾದರೆ ಹೇಳು’ ಎಂದರೆ ದಣಿದವಳ ತಲೆಗೆ ಇನ್ನೊಂದು ಕೆಲಸ ಹಾಕಿದಂತೆ. ಏನು ಬೇಕೆಂದು ಯೋಚಿಸಿ ಬಾಯಿಬಿಟ್ಟು ಕೇಳುವ ಕೆಲಸ. ಅದರ ಬದಲು ಒಬ್ಬರು ಮಂಗಳವಾರ ಮಧ್ಯಾಹ್ನ 2ರಿಂದ 4, ಆಗ ಸೊಸೆ ಮಲಗಲಿ. ಒಬ್ಬರು ಶುಕ್ರವಾರ ರೊಟ್ಟಿ, ಪಲ್ಯ ತಂದು ಕೊಟ್ಟು, ಹಿಂದಿನ ಡಬ್ಬಿ ತಗೊಂಡು, ಕೂರದೆ ಹೋಗಬೇಕು. ಒಬ್ಬರು ಬಟ್ಟೆ. ಒಬ್ಬರು ರವಿವಾರ ಆರಾಧನೆಯ ಹೊತ್ತಿಗೆ ಅತ್ತೆಯ ಹತ್ತಿರ ಕೂತು ಸೊಸೆಯನ್ನು ಚರ್ಚಿಗೆ ಕಳಿಸಬೇಕು. ಇಂಥ ಯೋಜನೆ ಹಾಳಾಗುವ ರೀತಿ ಎಲ್ಲ ಊರಲ್ಲೂ ಒಂದೇ: ಮೊದಲ ಎರಡು ವಾರ ಹದಿನೈದು ಜನ, ಮೂರನೆಯ ವಾರ ಯಾರೂ ಇಲ್ಲ, ಮನೆ ತುಂಬ ಬಾಳೆಹಣ್ಣು. ಆದ್ದರಿಂದ ಮೂರು ತಿಂಗಳಿಗೆ ಎಂದು ಹೆಸರು ಬರೆದಿಡಿ, ಮುಗಿದ ಮೇಲೆ ಬೇರೆ ನಾಲ್ವರು. ಕರ್ತನ ಭೋಜನವನ್ನು ಮನೆಗೆ ತಂದು ಕೊಡುವಂತೆ ಅಯ್ಯನವರಿಗೆ ಹೇಳುವುದೂ ನಿಮ್ಮದೇ ಕೆಲಸ.

ವಿಜಯಪುರದ ಯುವಕ, 26: ಆರು ತಿಂಗಳಿಂದ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಒಮ್ಮೊಮ್ಮೆ ಸತ್ತರೆ ಸಾಕು ಅನಿಸುತ್ತದೆ. ಡಾಕ್ಟರು ಗುಳಿಗೆ ಬರೆದರು. ಪ್ರಾರ್ಥನಾ ಕೂಟದಲ್ಲಿ ‘ಗುಳಿಗೆ ಬಿಟ್ಟು ನಂಬು’ ಎಂದರು. ಹತ್ತು ದಿನ ತಗೊಂಡೆ, ಗುಣ ಕಾಣಲಿಲ್ಲ. ಬಿಡಲೇ?

ಬಿಡಬೇಡ ತಮ್ಮಾ. ಖಿನ್ನತೆಯ ಗುಳಿಗೆ ತಲೆನೋವಿನ ಗುಳಿಗೆಯಂತೆ ಅರ್ಧ ತಾಸಿಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಕಾಣಲು ಇನ್ನೂ ಹೆಚ್ಚು ಬೇಕು. ಹತ್ತನೆಯ ದಿನಕ್ಕೆ ಕೈಬಿಡುವುದರಿಂದಲೇ ‘ಗುಳಿಗೆ ಹತ್ತಲಿಲ್ಲ’ ಎನ್ನುವವರು ಹೆಚ್ಚು. ಗುಣವಾದ ಮೇಲೂ ಒಮ್ಮೆಲೆ ನಿಲ್ಲಿಸಿದರೆ ತಲೆ ತಿರುಗುವುದು, ತಳಮಳ, ರೋಗ ಮರುಕಳಿಸುವುದು ಉಂಟು. ಡಾಕ್ಟರು ಹೇಳಿದಂತೆ ಇಳಿಸುತ್ತ ಬರಬೇಕು.

ಔಷಧಿ ತಗೊಂಡರೆ ನಂಬಿಕೆ ಕಡಿಮೆಯಾಯಿತು ಎಂಬ ಬೋಧನೆ ಸತ್ಯವೇದದ್ದಲ್ಲ. ಪೌಲನ ಜೊತೆಗಾರ ಲೂಕ ವೈದ್ಯ (ಕೊಲೊಸ್ಸೆ 4:14). ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದವನೂ ಪೌಲನೇ. ಸಾಯಬೇಕು ಅನಿಸಿದ್ದು ನಿನಗೊಬ್ಬನಿಗೇ ಅಲ್ಲ, ಎಲೀಯನಿಗೂ ಅನಿಸಿತ್ತು (1 ಅರಸುಗಳು 19). ಅಡವಿಯಲ್ಲಿ ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆ’ ಎಂದ. ಬಂದ ದೂತ ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ತಿನ್ನು ಎಂದ. ತಿಂದು ಮಲಗಿದ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ‘ಇಲ್ಲೇನು ಮಾಡುತ್ತೀ’ ಎಂದು ಕೇಳಿದ್ದು ಅದಾದ ಎಷ್ಟೋ ದಿನಕ್ಕೆ, ಹೋರೇಬಿನಲ್ಲಿ.

ಈ ಪುಟ ಓದಿದ ದಿನವೇ ಮನೆಯಲ್ಲಿ ಒಬ್ಬರಿಗೆ ‘ಸಾಯುವ ವಿಚಾರ ಬರುತ್ತದೆ’ ಎಂದು ಬಾಯಿಬಿಟ್ಟು ಹೇಳು. ಮನೆಯವರು ಹೊಲದ ಔಷಧಿಯ ಡಬ್ಬಿಗಳನ್ನು ಬೇರೆ ಕಡೆ ಸಾಗಿಸಲಿ, ರಾತ್ರಿ ನಿನ್ನನ್ನು ಒಬ್ಬನೇ ಬಿಡದಿರಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರರಿದ್ದಾರೆ. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಕೂಟದವರು ಪ್ರಾರ್ಥಿಸಲಿ, ಗುಳಿಗೆಯ ಹೊತ್ತನ್ನೂ ನೆನಪಿಸಲಿ.

ಗೋಕಾಕದಿಂದ: ತಮ್ಮ ಅಪಘಾತದಲ್ಲಿ ಹೋದ. ಮಾತಾಡಿಸಲು ಬಂದವರು ‘ಮನೆಯಲ್ಲಿ ಏನೋ ಪಾಪ ಇರಬೇಕು, ಪರೀಕ್ಷಿಸಿಕೊಳ್ಳಿ’ ಎನ್ನುತ್ತಾರೆ.

ಯೇಸುವಿನ ಹತ್ತಿರವೂ ಇದೇ ಪ್ರಶ್ನೆ ಬಂದಿತ್ತು. ಹುಟ್ಟು ಕುರುಡನ ವಿಷಯದಲ್ಲಿ, ಇವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎಂದ (ಯೋಹಾನ 9:3). ಸಿಲೋವದ ಬುರುಜು ಬಿದ್ದು ಸತ್ತ 18 ಜನ ಊರಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದ (ಲೂಕ 13:4). ಬಂದವರಿಗೆ ಈ ಎರಡು ವಚನ ತೋರಿಸಿ. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಏಳು ದಿನ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟರು. ಕಡೆಗೆ ದೇವರು ಸಿಟ್ಟಾದದ್ದು ಅವರ ಮೇಲೆ (ಯೋಬ 42:7). ಸಾವಿನ ಮನೆಗೆ ಹೋಗುವವರು ಹೋದವನ ಹೆಸರು ಹಿಡಿದು ಮಾತಾಡಿ. ‘ದೇವರಿಗೆ ಬೇಕಾಗಿದ್ದ’ ಎನ್ನಬೇಡಿ. ಮಂದಿ ಬರುವುದು ನಿಂತ ಮೇಲೆ, ಎರಡು ಮೂರು ತಿಂಗಳಿಗೆ, ಮತ್ತೊಮ್ಮೆ ಹೋಗಿ.

ರಾಮದುರ್ಗದಿಂದ: 2019ರ ಆಗಸ್ಟಿನಲ್ಲಿ ಮಲಪ್ರಭೆ ಮನೆಯೊಳಗೆ ಬಂದು ಗೋಡೆ ಕೆಡವಿತು. ಇವತ್ತಿಗೂ ಮಳೆಗಾಲದಲ್ಲಿ ಸ್ತುತಿ ಹಾಡಲು ದನಿ ಬರುವುದಿಲ್ಲ. ಸಭೆಯಲ್ಲಿ ಬರೀ ಚಪ್ಪಾಳೆಯ ಹಾಡುಗಳು.

ಸುಮ್ಮನೆ ಕೂತುಕೊಳ್ಳಿ, ಆ ದಿನ ಬೇರೆಯವರು ನಿಮ್ಮ ಪಾಲಿನದನ್ನೂ ಹಾಡಲಿ. ಮನೆಯಲ್ಲಿ 69ನೇ ಕೀರ್ತನೆ ಓದಿ. ನೀರು ಕುತ್ತಿಗೆಗೆ ಬಂದಿದೆ, ಆಳವಾದ ಕೆಸರಿನಲ್ಲಿ ಹೂತಿದ್ದೇನೆ, ಕಾಲೂರಲು ನೆಲ ಇಲ್ಲ ಎಂದು ಶುರುವಾಗುತ್ತದೆ. ಹೊಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ತುತಿ ಬರುವುದು 30ನೇ ವಚನಕ್ಕೆ. ಹಾಡು ಆರಿಸುವವರು ಇದನ್ನು ಗಮನಿಸಲಿ: 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳಿನವು. ರವಿವಾರಕ್ಕೆ ಒಂದಾದರೂ ಅಂಥದ್ದನ್ನು ಸರದಿಯಂತೆ ಓದಿಸಿ, ಮುಗಿದ ಮೇಲೆ ಅರ್ಧ ನಿಮಿಷ ಕೀಬೋರ್ಡ್ ಸಹ ನಿಲ್ಲಲಿ. ಓದಿದ ಕೂಡಲೇ ಕುಣಿಯುವ ಹಾಡಿಗೆ ಹಾರಬೇಡಿ.

ಇಳಕಲ್ಲಿನಿಂದ ಒಬ್ಬ ಅಕ್ಕ: ಮನೆಯವರು ಕುಡಿದು ಹೊಡೆಯುತ್ತಾರೆ. ಸಭೆಯ ಹಿರಿಯರಿಗೆ ಹೇಳಿದರೆ ‘ಇದು ನಿನ್ನ ಶಿಲುಬೆ, ಸೈರಿಸು, ಸಂತೋಷದಿಂದ ಹೊರು’ ಎಂದರು.

ಅಕ್ಕಾ, ಹಿರಿಯರು ಹೇಳಿದ್ದು ತಪ್ಪು. ಹೊಡೆಸಿಕೊಳ್ಳುತ್ತ ಇರುವುದು ಸೈರಣೆ ಅಲ್ಲ. ಫಿಲಿಪ್ಪಿಯಲ್ಲಿ ಪೌಲ, ಸೀಲರು ಬಾಸುಂಡೆ ಬಂದ ಮೈಯಲ್ಲಿ, ಕಾಲಿಗೆ ಕೋಳ ಇದ್ದು ನಡುರಾತ್ರಿ ಹಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಪೌಲ ಒಪ್ಪಲಿಲ್ಲ. ವಿಚಾರಣೆಯಿಲ್ಲದೆ ಎಲ್ಲರ ಮುಂದೆ ಹೊಡೆಸಿದವರು ತಾವೇ ಬಂದು ಕರೆದುಕೊಂಡು ಹೋಗಲಿ ಎಂದ (ಅಪೊಸ್ತಲರ ಕೃತ್ಯಗಳು 16:37). ದಮಸ್ಕದಲ್ಲಿ ಜೀವಕ್ಕೆ ಅಪಾಯ ಬಂದಾಗ ಬುಟ್ಟಿಯಲ್ಲಿ ಕೂತು ಗೋಡೆ ಇಳಿದು ತಪ್ಪಿಸಿಕೊಂಡ. ಇನ್ನೊಮ್ಮೆ ಚಾಟಿ ಎತ್ತಿದವರ ಮುಂದೆ ಕಾನೂನಿನ ಹಕ್ಕು ಕೇಳಿದ (22:25). ಹಾಡಿದವನೂ ಅವನೇ, ಓಡಿಹೋದವನೂ ಅವನೇ, ನ್ಯಾಯ ಕೇಳಿದವನೂ ಅವನೇ.

ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಶಾಲೆಯ ಕಾಗದ, ಸ್ವಲ್ಪ ರೊಕ್ಕ, ಒಂದೊಂದು ಜೊತೆ ಬಟ್ಟೆ ಒಂದು ಚೀಲಕ್ಕೆ ಹಾಕಿ ನಂಬಿಕೆಯ ಮನೆಯಲ್ಲಿ ಇಡಿ. ಪೆಟ್ಟಾದಾಗ ಸರಕಾರಿ ಆಸ್ಪತ್ರೆಗೆ ಹೋಗಿ, ‘ಬಿದ್ದೆ’ ಎನ್ನದೆ ಹೇಗಾಯಿತೆಂದು ಹೇಳಿ ಬರೆಸಿ. ಮುಂದೆ ಅದೇ ದಾಖಲೆ. ಆ ಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಅರ್ಜಿ ಕೊಡಬಹುದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿ. ಅದೇ ಮನೆಯಲ್ಲಿ ಉಳಿಯುವ ಹಕ್ಕು, ಖರ್ಚಿಗೆ ರೊಕ್ಕ, ಹತ್ತಿರ ಬರದಂತೆ ಆದೇಶ, ಮೂರನ್ನೂ ಕೋರ್ಟು ಕೊಡಬಲ್ಲದು. ಕ್ಷಮಿಸುವುದು ಬೇರೆ, ಹೊಡೆಯುವ ಕೈಯ ಹತ್ತಿರ ಮರಳಿ ಹೋಗುವುದು ಬೇರೆ.

ಖಾನಾಪುರದಿಂದ, ವಯಸ್ಸು 64: ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ) ಉಪವಾಸ ಮಾಡದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ಕಥೋಲಿಕ ಸಭೆಯ ನಿಯಮದಲ್ಲಿ ಉಪವಾಸದ ಬಾಧ್ಯತೆ 18 ತುಂಬಿದವರಿಂದ 59ರವರೆಗೆ ಮಾತ್ರ. ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ರೋಗಿಗಳಿಗೆ ಯಾವ ವಯಸ್ಸಿನಲ್ಲೂ ವಿನಾಯಿತಿ. ನಿಮಗೆ ಎರಡೂ ಕಡೆಯಿಂದ ಬಿಡುಗಡೆ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಹೊತ್ತಿಗೆ ಸರಿಯಾಗಿ ಉಣ್ಣಿ, ಶುಕ್ರವಾರ ಒಬ್ಬ ಹಸಿದವರಿಗೆ ಊಟ ಕೊಡಿ (ಯೆಶಾಯ 58:7).

ಬೆಳಗಾವಿಯ ಕಾಲೇಜು ವಿದ್ಯಾರ್ಥಿನಿ: ಪ್ರತಿ ಜನವರಿಗೆ ಸತ್ಯವೇದ ಪೂರ್ತಿ ಓದುವ ನಿರ್ಧಾರ. ಫೆಬ್ರವರಿಗೆ ಯಾಜಕಕಾಂಡದಲ್ಲಿ ನಿಲ್ಲುತ್ತೇನೆ. ನನಗೆ ತಾಳ್ಮೆಯೇ ಇಲ್ಲ.

ಲೆಕ್ಕ ನೋಡಮ್ಮ. ಒಟ್ಟು 1,189 ಅಧ್ಯಾಯ. ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು. ನಾಲ್ಕು ದಿನ ತಪ್ಪಿದರೆ ಹದಿಮೂರು ಬಾಕಿ, ಬಾಕಿ ನೋಡಿಯೇ ಕೈ ಸೋಲುತ್ತದೆ. ತಾಳ್ಮೆ ಕಷ್ಟದಿಂದ ಹುಟ್ಟುತ್ತದೆ ಎಂದು ರೋಮಾಪುರದವರಿಗೆ ಬರೆದ ಪತ್ರ 5:3ರಲ್ಲಿದೆ, ಜನವರಿ ಒಂದರ ಉತ್ಸಾಹದಿಂದ ಅಲ್ಲ. ಮಾರ್ಕನಿಂದ ಶುರು ಮಾಡು, 16 ಅಧ್ಯಾಯ. ದಿನಕ್ಕೆ ಒಂದು, ಜೊತೆಗೆ ಒಂದು ಚಿಕ್ಕ ಕೀರ್ತನೆ. ಹೊತ್ತನ್ನು ಗಟ್ಟಿ ಮಾಡು: ಕಾಲೇಜಿನ ಬಸ್ಸಿನಲ್ಲಿ, ಅಥವಾ ಮೊಬೈಲು ಚಾರ್ಜಿಗೆ ಹಾಕಿದ ಮೇಲೆ. ತಪ್ಪಿದ ದಿನದ್ದನ್ನು ತೀರಿಸಲು ಹೋಗಬೇಡ, ಇವತ್ತಿನದ್ದು ಓದು. ಒಬ್ಬ ಗೆಳತಿಯನ್ನು ಜೊತೆಗೆ ಹಿಡಿ, ಶನಿವಾರ ಐದು ನಿಮಿಷ ಫೋನಿನಲ್ಲಿ ‘ಏನು ತಿಳಿಯಲಿಲ್ಲ’ ಎಂಬುದನ್ನಷ್ಟೇ ಮಾತಾಡಿ. ಯಾಜಕಕಾಂಡ ಸದ್ಯಕ್ಕೆ ಇರಲಿ. ಇಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ನೀನೇ ಹುಡುಕಿಕೊಂಡು ಹೋಗಿ ಅದನ್ನು ತೆಗೆಯುತ್ತೀ.